ಕಡಲಕಳೆ ದ್ರಾವಣ: ಕಬ್ಬು ಬೆಳೆಗಾರರಿಗೆ ಮಾಹಿತಿ

ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯು ಕೃಷ್ಣಾ ನದಿ ತೀರದ ಭಾಗದಲ್ಲಿದ್ದು, ಕಬ್ಬು ಇಲ್ಲಿನ ಪ್ರಮುಖ ಬೆಳೆಯಾಗಿರುತ್ತದೆ. ಸಮುದ್ರದಿಂದ ದೂರವಿರುವ ಈ ಭಾಗದ ರೈತರಿಗೆ ಕಡಲಕಳೆಯು ಬೆಳೆಗೆ ಸಿಂಪಡಿಸುವ ದ್ರಾವಣದ ರೂಪದಲ್ಲಿ ದೊರೆಯುತ್ತದೆ. ಖರೀದಿಗೆ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

ಕಡಲಕಳೆಯ ಮೂಲ

ಕಡಲಕಳೆಯು ಸಮುದ್ರದ ಉಪ್ಪುನೀರಿನಲ್ಲಿ ಬೆಳೆಯುವ ದೊಡ್ಡ ಗಾತ್ರದ ಪಾಚಿ. ಇದರ ಕೃಷಿಗೆ ಜಮೀನಾಗಲಿ, ಸಿಹಿನೀರಾಗಲಿ ಅವಶ್ಯವಿಲ್ಲ. ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಕಪ್ಪಾಫೈಕಸ್ ಎಂಬ ತಳಿಯ ತುಂಡುಗಳನ್ನು ಬಿದಿರಿನ ತೆಪ್ಪಗಳಿಗೆ ಕಟ್ಟಿ ಬೆಳೆಸಿ, ಸುಮಾರು 45 ದಿನಗಳಲ್ಲಿ ಕೊಯ್ಲು ಮಾಡಲಾಗುತ್ತದೆ. ಕೊಯ್ಲಿನ ಒಂದು ಭಾಗವೇ ಮುಂದಿನ ಬೆಳೆಗೆ ಬೀಜವಾಗುತ್ತದೆ. ಬಂಡೆಗಳ ಮೇಲೆ ತಾನಾಗಿ ಬೆಳೆದ ಕಳೆಯನ್ನು ಬುಡಸಹಿತ ಕಿತ್ತಲ್ಲಿ ಮೀನಿನ ಮರಿಗಳ ಆಸರೆ ನಾಶವಾಗುವುದರಿಂದ, ಕೃಷಿ ವಿಧಾನವೇ ಸುಸ್ಥಿರವಾದುದು.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಕಳೆ ಕೃಷಿಗೆ ಸಹಾಯಧನವನ್ನು ಸೇರಿಸಲಾಯಿತು. ಈ ಕೃಷಿಯನ್ನು ನದಿ, ಕೆರೆ ಅಥವಾ ಕೃಷಿಹೊಂಡಗಳಲ್ಲಿ ಕೈಗೊಳ್ಳಲು ಸಾಧ್ಯವಿಲ್ಲ.

ದ್ರಾವಣದ ಉಪಯೋಗ

ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯು, ಹಸಿ ಕಪ್ಪಾಫೈಕಸ್‌ನಿಂದ ರಸವನ್ನು ಹಿಂಡಿ ಬೆಳೆಗೆ ಬಳಸುವ ಹಾಗೂ ಉಳಿದ ಚರಟದಿಂದ ಆಹಾರೋದ್ಯಮಕ್ಕೆ ಬೇಕಾದ ಕ್ಯಾರಗೀನನ್ ಅಂಟನ್ನು ತಯಾರಿಸುವ ವಿಧಾನವನ್ನು ರೂಪಿಸಿದೆ.

ರಸಗೊಬ್ಬರ (ನಿಯಂತ್ರಣ) ಆದೇಶ, 1985ಕ್ಕೆ 2021ರಲ್ಲಿ ಮಾಡಲಾದ ತಿದ್ದುಪಡಿಯನ್ವಯ ಕಡಲಕಳೆ ಸಾರವು ಜೈವಿಕ ಉತ್ತೇಜಕಗಳ ವರ್ಗಕ್ಕೆ ಸೇರಿರುತ್ತದೆ. ಇದು ಪೋಷಕಾಂಶಗಳನ್ನು ಹೀರುವ ಹಾಗೂ ಪ್ರತಿಕೂಲ ಹವಾಮಾನವನ್ನು ತಾಳಿಕೊಳ್ಳುವ ಬೆಳೆಯ ಶಕ್ತಿಗೆ ನೆರವಾಗುವಂಥದ್ದು. ಇದು ಕೀಟನಾಶಕವಲ್ಲ, ಕಬ್ಬಿಗೆ ನೀಡಬೇಕಾದ ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ ಬದಲಿಯೂ ಅಲ್ಲ. ಆದ್ದರಿಂದ ದ್ರಾವಣವನ್ನು ನಂಬಿ, ಮಣ್ಣು ಪರೀಕ್ಷೆಯನ್ವಯ ಶಿಫಾರಸು ಮಾಡಿದ ಗೊಬ್ಬರವನ್ನು ಕೈಬಿಡಬಾರದು.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

1. ಅಧಿಕೃತ ಮಾರಾಟಗಾರರಿಂದ ಮಾತ್ರ ಖರೀದಿಸತಕ್ಕದ್ದು.
2. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಹಾಗೂ ಬಳಸಬಹುದಾದ ಬೆಳೆಗಳ ವಿವರವನ್ನು ಪರಿಶೀಲಿಸುವುದು.
3. ರಶೀದಿಯನ್ನು ತಪ್ಪದೇ ಪಡೆದು, ಬೆಳೆ ಕಟಾವಾಗುವವರೆಗೆ ಕಾಯ್ದಿರಿಸುವುದು.
4. ಚೀಟಿಯಲ್ಲಿ ಸೂಚಿಸಿದ ಪ್ರಮಾಣವನ್ನು ಮೀರಬಾರದು. ಮೊದಲು ಹೊಲದ ಒಂದು ಭಾಗಕ್ಕೆ ಸಿಂಪಡಿಸಿ, ಸಿಂಪಡಿಸದ ಭಾಗದೊಂದಿಗೆ ಹೋಲಿಸಿ ನೋಡುವುದು ಸೂಕ್ತ.

ದೂರು ಸಲ್ಲಿಸುವ ವಿಧಾನ

ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯವಿದ್ದಲ್ಲಿ, ರಶೀದಿಯ ಪ್ರತಿಯೊಂದಿಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಲಿಖಿತ ದೂರನ್ನು ಸಲ್ಲಿಸಬಹುದಾಗಿದೆ. ಮಾದರಿ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸುವ ಅಧಿಕಾರ ರಸಗೊಬ್ಬರ ಪರಿವೀಕ್ಷಕರಿಗೆ ಇರುತ್ತದೆ. ರಶೀದಿ ಇಲ್ಲದಿದ್ದಲ್ಲಿ ಖರೀದಿಯನ್ನು ಸಾಬೀತುಪಡಿಸುವುದು ಕಷ್ಟವಾಗುವುದರಿಂದ, ರೈತ ಬಾಂಧವರು ಈ ಬಗ್ಗೆ ಎಚ್ಚರ ವಹಿಸಲು ಕೋರಲಾಗಿದೆ.