ಮುಕ್ತಿಸ್ಥಳಗಳ ನಾಡಿನಲ್ಲಿ ವಿಶ್ವಾಸದ ಪರೀಕ್ಷೆ: ಕರಾವಳಿಯ ಕ್ರೈಸ್ತರಲ್ಲಿ ರಕ್ಷಣೆಯ ನಿಶ್ಚಯದ ಪ್ರಶ್ನೆ

ಕುಂದಾಪುರ ತಾಲೂಕಿನ ಶಂಕರನಾರಾಯಣವನ್ನು ಪರಶುರಾಮ ಕ್ಷೇತ್ರದ ಏಳು ಮುಕ್ತಿಸ್ಥಳಗಳಲ್ಲಿ ಒಂದೆಂದು ಪರಂಪರೆಯು ಎಣಿಸುತ್ತ ಬಂದಿದೆ. ಉಡುಪಿ, ಸುಬ್ರಹ್ಮಣ್ಯ, ಕುಂಭಾಸಿ, ಕೋಟೇಶ್ವರ, ಕೊಲ್ಲೂರು ಹಾಗೂ ಗೋಕರ್ಣಗಳು ಉಳಿದ ಆರು. ಇವುಗಳಲ್ಲಿ ನಾಲ್ಕು ಹಳೆಯ ಕುಂದಾಪುರ ತಾಲೂಕಿನ ಎಲ್ಲೆಯೊಳಗೇ ಇದ್ದವು. ಕ್ಷೇತ್ರದರ್ಶನ, ತೀರ್ಥಸ್ನಾನ, ಹರಕೆ, ಸೇವೆಗಳ ಮೂಲಕ ಮುಕ್ತಿಯ ಹಾದಿಯನ್ನು ಗುರುತಿಸಿಕೊಂಡ ನೆಲ ಇದು. ಇದೇ ನೆಲದಲ್ಲಿ ಕ್ರೈಸ್ತ ಸಮುದಾಯಗಳೂ ಬೇರೂರಿದವು. ಕುಂದಾಪುರದ ರೊಜಾರಿಯೊ ಮಾತೆಯ ಇಗರ್ಜಿಯು 1570ರಷ್ಟು ಹಿಂದಿನದು. 'ನನ್ನ ವಿಶ್ವಾಸ ನಿಜವಾದದ್ದೇ? ನನಗೆ ರಕ್ಷಣೆ ದೊರೆತಿದೆಯೆಂದು ನಾನು ತಿಳಿಯುವುದು ಹೇಗೆ?' ಎಂಬ ಪ್ರಶ್ನೆಯನ್ನು ಈ ಸಮುದಾಯಗಳು ಹೇಗೆ ಎದುರಿಸಿದವು, ಆ ಪರೀಕ್ಷೆಯನ್ನು ನಡೆಸುವ ಅಧಿಕಾರ ಯಾರದಾಗಿತ್ತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯ ಹಿನ್ನೆಲೆ

ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ, ವಿಶ್ವಾಸಿಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕೆಂದು ಸೂಚಿಸುತ್ತಾನೆ. ಈ ಸೂಚನೆಯನ್ನು ಪಾಶ್ಚಾತ್ಯ ಸಭೆಗಳು ಒಂದೇ ಬಗೆಯಾಗಿ ಅರ್ಥೈಸಲಿಲ್ಲ. ಮನುಷ್ಯನು ನೀತಿವಂತನೆನಿಸುವುದು ವಿಶ್ವಾಸದಿಂದಲೇ ಎಂದು ಸಾರಿದ ಲೂಥರನ ಅನುಯಾಯಿಗಳಿಗೆ ರಕ್ಷಣೆಯ ನಿಶ್ಚಯವು ವಿಶ್ವಾಸದ ಫಲವಾಗಿತ್ತು. 1547ರಲ್ಲಿ ಟ್ರೆಂಟ್ ಮಹಾಸಭೆಯು ಇದನ್ನು ಒಪ್ಪಲಿಲ್ಲ. ದೇವರ ಕರುಣೆಯನ್ನು ಸಂಶಯಿಸಬಾರದು, ಆದರೆ ತಾನು ಕೃಪೆಯನ್ನು ಪಡೆದಿದ್ದೇನೆಂದು ತಪ್ಪಿಲ್ಲದ ನಿಶ್ಚಯದಿಂದ ಯಾರೂ ಹೇಳಲಾರರು ಎಂಬುದು ಅದರ ನಿಲುವು. ಆದ್ದರಿಂದ ಕಥೋಲಿಕ ವಿಶ್ವಾಸಿಯ ನೆಮ್ಮದಿಯು ಸಂಸ್ಕಾರಗಳನ್ನೂ ಅವುಗಳನ್ನು ನೆರವೇರಿಸುವ ಸಭೆಯನ್ನೂ ಆಧರಿಸಿತ್ತು. ಈ ಎರಡೂ ನಿಲುವುಗಳು ಕೆನರಾ ಕರಾವಳಿಯನ್ನು ತಲುಪಿದವು.

ಬಾಸೆಲ್ ಮಿಶನ್ ಮತ್ತು ಹೃದಯದ ಪರಿಶೋಧನೆ

1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೇನರ್ ಹಾಗೂ ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. 1845ರಲ್ಲಿ ಮೂಲ್ಕಿಯಲ್ಲಿಯೂ 1854ರಲ್ಲಿ ಉಡುಪಿಯಲ್ಲಿಯೂ ಕೇಂದ್ರಗಳು ಆರಂಭವಾದವು. ಮುಂದೆ ಕುಂದಾಪುರದ ಸಮೀಪದ ಬಸರೂರಿನವರೆಗೆ ಈ ಕಾರ್ಯವು ಹಬ್ಬಿತು. ಈ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೆಳೆದವರು. ಹುಟ್ಟಿನಿಂದ ಕ್ರೈಸ್ತನಾಗಿರುವುದು ಸಾಲದು, ಪಾಪದ ಅರಿವು ಮೂಡಿ ಹೃದಯವು ತಿರುಗಬೇಕು ಎಂಬುದು ಆ ಪಂಥದ ತಿರುಳು. ಬಾಸೆಲಿನ ವಿದ್ಯಾಲಯವನ್ನು ಸೇರಬಯಸಿದವನು ತನ್ನ ಬಾಳಿನ ಹಾಗೂ ಮನಃಪರಿವರ್ತನೆಯ ವೃತ್ತಾಂತವನ್ನು ತಾನೇ ಬರೆದೊಪ್ಪಿಸಬೇಕಾಗಿತ್ತು. ಹೀಗೆ ತಮ್ಮನ್ನು ತಾವು ಪರೀಕ್ಷೆಗೆ ಒಡ್ಡಿಕೊಂಡವರೇ ಇಲ್ಲಿ ದೀಕ್ಷಾಸ್ನಾನವನ್ನು ಬೇಡಿ ಬಂದವರ ಪರೀಕ್ಷಕರಾದರು.

ಈ ಒಳಗಿನ ಪರೀಕ್ಷೆಗೆ ಕನ್ನಡದಲ್ಲಿ ಮಾತುಗಳನ್ನು ಹುಡುಕಬೇಕಾಯಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು 1831ರ ವೇಳೆಗೆ ಪೂರ್ಣಗೊಳಿಸಿದ ಕನ್ನಡ ಬೈಬಲನ್ನು ಮುಂದೆ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಪರಿಷ್ಕರಿಸುವ ಕಾರ್ಯಕ್ಕೆ ತೊಡಗಿದರು. ಕನ್ನಡ ಕ್ರೈಸ್ತ ಪರಿಭಾಷೆಯಲ್ಲಿ 'ಮುಕ್ತಿ', 'ಮೋಕ್ಷ'ಗಳಿಗಿಂತ 'ರಕ್ಷಣೆ' ಎಂಬ ಪದವೇ ಪ್ರಧಾನವಾಗಿ ನೆಲೆಗೊಂಡದ್ದು ಗಮನಾರ್ಹ. ಮುಕ್ತಿಯು ಬಂಧನದಿಂದ ಬಿಡುಗಡೆಯನ್ನು ಸೂಚಿಸಿದರೆ ರಕ್ಷಣೆಯು ಕಾಯುವವನೊಬ್ಬನನ್ನು ನಿರೀಕ್ಷಿಸುತ್ತದೆ. ಆದರೆ 'ನಂಬು', 'ನಂಬಿಕೆ' ಎಂಬ ಪದಗಳು ಹೊಸತಾಗಿರಲಿಲ್ಲ. ವಚನಕಾರರೂ ಹರಿದಾಸರೂ ಅವುಗಳಿಗೆ ಅದಾಗಲೇ ಗಾಢವಾದ ಅರ್ಥವನ್ನು ತುಂಬಿದ್ದರು. ತನ್ನ ಭಕ್ತಿಯು ತೋರಿಕೆಯದೇ ಎಂದು ತನ್ನನ್ನೇ ಕೇಳಿಕೊಳ್ಳುವ ಆತ್ಮನಿಂದೆಯ ಧಾಟಿಯೂ ದಾಸಸಾಹಿತ್ಯದಲ್ಲಿ ಇದ್ದೇ ಇತ್ತು. 1848ರಿಂದ ಮೊದಲಾದ ಬಿಬ್ಲಿಯೊಥಿಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣ ಹಾಗೂ ದಾಸರ ಪದಗಳನ್ನು ಅಚ್ಚು ಹಾಕಿಸಿದ ಹರ್ಮನ್ ಮೊಗ್ಲಿಂಗರಿಗೆ ಇದು ತಿಳಿಯದ ಸಂಗತಿಯಾಗಿರಲಾರದು.

ನಿಶ್ಚಯದ ಬೆಲೆ: ಕೌಂಡಿನ್ಯರ ನಿದರ್ಶನ

ಮಂಗಳೂರಿನ ಮಿಶನ್ ಶಾಲೆಯಲ್ಲಿ ಕಲಿಯುತ್ತಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನವನ್ನು ಪಡೆದು ಹರ್ಮನ್ ಎಂಬ ಹೆಸರನ್ನೂ ಧರಿಸಿದರು. ಊರಿನಲ್ಲಿ ದೊಡ್ಡ ಕ್ಷೋಭೆ ಉಂಟಾಯಿತು. 1846ರಲ್ಲಿ ಮೊಗ್ಲಿಂಗರೊಡನೆ ಯುರೋಪಿಗೆ ತೆರಳಿ, ಬಾಸೆಲಿನಲ್ಲಿ ವ್ಯಾಸಂಗವನ್ನು ಮುಗಿಸಿ, 1851ರಲ್ಲಿ ಗುರುದೀಕ್ಷೆಯನ್ನು ಪಡೆದು ಅವರು ಹಿಂತಿರುಗಿದರು. ಮುಂದೆ ಕೊಡಗಿನಲ್ಲಿ, ಜೀತದಿಂದ ನಲುಗಿದ್ದ ದಲಿತ ಕುಟುಂಬಗಳಿಗಾಗಿ ಸ್ವಂತ ಹಣವನ್ನು ವೆಚ್ಚಮಾಡಿ ನೆಲೆಯನ್ನು ಕಟ್ಟಿದರು. ಆನಂದಪುರವೆಂಬ ಹೆಸರು ಅವರ ನೆನಪನ್ನು ಉಳಿಸಿದೆ. 1893ರಲ್ಲಿ ಅವರು ನಿಧನರಾದರು.

ಈ ವೃತ್ತಾಂತಕ್ಕೆ ಮತ್ತೊಂದು ಮುಖವಿದೆ. ಅವರ ಎಳೆಯ ಪತ್ನಿ ಹೊಸ ಮತವನ್ನು ಸೇರಲು ಒಪ್ಪಲಿಲ್ಲ. ದೀರ್ಘಕಾಲ ಕಾದ ಕೌಂಡಿನ್ಯರು 1860ರಲ್ಲಿ ಜರ್ಮನ್ ಮಹಿಳೆ ಮಾರಿ ರೈನ್‌ಹಾರ್ಟರನ್ನು ವಿವಾಹವಾದರು. ಮತಾಂತರಗೊಂಡವನ ಆಸ್ತಿಯ ಹಕ್ಕನ್ನು 1850ರ ಇಪ್ಪತ್ತೊಂದನೆಯ ಕಾಯಿದೆಯು ರಕ್ಷಿಸಿತು. ತೊರೆದ ಸಂಗಾತಿಯನ್ನು ವಿಚಾರಿಸಿ ವಿವಾಹವನ್ನು ವಿಸರ್ಜಿಸುವ ಅವಕಾಶವು 1866ರಲ್ಲಿ ಕಾನೂನಾಗಿ ಬಂದಿತು. ಅಂದರೆ ವಿಶ್ವಾಸದ ಪರೀಕ್ಷೆಯು ಹೃದಯದಿಂದ ಹೊರಟು ಮನೆಯನ್ನೂ ಕೊನೆಗೆ ನ್ಯಾಯಾಲಯವನ್ನೂ ಮುಟ್ಟಿತು. ಒಬ್ಬರ ನಿಶ್ಚಯದ ಬೆಲೆಯನ್ನು ಮತ್ತೊಬ್ಬರೂ ತೆರಬೇಕಾಯಿತು. ಗಂಡನ ವಿಶ್ವಾಸದ ಕಥೆಯು ಮಿಶನ್ನಿನ ಚರಿತ್ರೆಗಳಲ್ಲಿ ಪ್ರಮುಖ ಅಧ್ಯಾಯವಾಗಿದೆ. ತನ್ನ ವಿಶ್ವಾಸವನ್ನು ಬಿಡದೆ ನಿಂತ ಹೆಂಡತಿಯ ದೃಢತೆಯನ್ನೂ ಚರಿತ್ರೆಕಾರನು ಅದೇ ತಕ್ಕಡಿಯಲ್ಲಿಟ್ಟು ತೂಗಬೇಕಾಗುತ್ತದೆ.

ಅನ್ನ ಮತ್ತು ವಿಶ್ವಾಸ

ಕರಾವಳಿಯಲ್ಲಿ ಸಭೆಯನ್ನು ಸೇರಿದವರಲ್ಲಿ ಬಹುಸಂಖ್ಯಾತರು ಬಿಲ್ಲವರು. ಶೇಂದಿ ಇಳಿಸುವ ಕಸುಬನ್ನು ಮಿಶನ್ ಸಮ್ಮತಿಸಲಿಲ್ಲ. ಕಸುಬನ್ನೂ ಗೇಣಿಭೂಮಿಯನ್ನೂ ಕುಟುಂಬದ ಆಸರೆಯನ್ನೂ ಕಳೆದುಕೊಂಡವರಿಗೆ ಬೇರೆ ದಾರಿಯನ್ನು ಕಲ್ಪಿಸಬೇಕಾಗಿತ್ತು. ನೇಯ್ಗೆಯ ಕಾರ್ಖಾನೆಗಳೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟರು ಆರಂಭಿಸಿದ ಹೆಂಚಿನ ಕಾರ್ಖಾನೆಯೂ ಈ ಅಗತ್ಯಕ್ಕೆ ಒದಗಿಬಂದವು. ಆದರೆ ಇದರೊಡನೆ ಸಂಶಯವೂ ಹುಟ್ಟಿಕೊಂಡಿತು. ಬಂದವನು ಅನ್ನಕ್ಕಾಗಿ ಬಂದನೋ ರಕ್ಷಣೆಗಾಗಿ ಬಂದನೋ ಎಂದು ಪಾದ್ರಿಗಳು ಕೇಳಿದರು. ಇದೇ ಪ್ರಶ್ನೆಯನ್ನು ಊರವರೂ ಕೇಳಿದರು.

ಈ ಎರಡನ್ನೂ ಬೇರ್ಪಡಿಸಿ ನೋಡುವುದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸಬೇಕು. ಅವಮಾನದಿಂದ ಬಿಡುಗಡೆ, ಮಕ್ಕಳಿಗೆ ಅಕ್ಷರ, ಹೆಸರು ಹಿಡಿದು ಕರೆಯುವ ಒಂದು ಸಭೆ, ಇವೆಲ್ಲವೂ ಬಡವನ ಪಾಲಿಗೆ ರಕ್ಷಣೆಯ ಅರ್ಥದಲ್ಲಿಯೇ ಅಡಕವಾಗಿದ್ದಿರಬಹುದು. ಮಿಶನ್ನಿನ ವರದಿಗಳು ದೊರಕಿಸುವುದು ಬಹುಮಟ್ಟಿಗೆ ಪರೀಕ್ಷಕನ ಬರವಣಿಗೆಯನ್ನು. ಯುರೋಪಿನ ದಾನಿಗಳು ಓದಲೆಂದು ಸಿದ್ಧಪಡಿಸಿದ ಆ ಪುಟಗಳಲ್ಲಿ ಮತಾಂತರಿತನ ಮಾತು ಪಾದ್ರಿಯ ಲೇಖನಿಯ ಮೂಲಕವೇ ಹಾದುಬಂದಿದೆ. ಸಂಶೋಧಕರು ಈ ಎಚ್ಚರವನ್ನು ಬಿಡುವಂತಿಲ್ಲ.

ಬ್ರಹ್ಮಾವರದ ಉತ್ತರ

ಕಥೋಲಿಕ ಸಮುದಾಯದಲ್ಲಿ ಪ್ರಶ್ನೆಯು ಬೇರೊಂದು ರೂಪದಲ್ಲಿ ಎದುರಾಯಿತು. 1886ರಲ್ಲಿ ಪೋರ್ಚುಗಲ್ ಹಾಗೂ ಪೋಪರ ಪೀಠದ ನಡುವೆ ಆದ ಒಪ್ಪಂದದ ತರುವಾಯ, ಗೋವೆಯ ಆಡಳಿತಕ್ಕೆ ಒಳಪಟ್ಟಿದ್ದ ಇಲ್ಲಿನ ಇಗರ್ಜಿಗಳು ಮಂಗಳೂರಿನ ಆಡಳಿತಕ್ಕೆ ಸೇರಿದವು. ಇದನ್ನು ಒಪ್ಪದ ಕೊಂಕಣಿ ಮಾತನಾಡುವ ಕುಟುಂಬಗಳು ಬ್ರಹ್ಮಾವರದ ಸುತ್ತಮುತ್ತ ಪಾದ್ರಿ ರೋಕ್ ಝೆಫ್ರಿನ್ ನೊರೊನ್ಹಾರ ನೇತೃತ್ವದಲ್ಲಿ ಪ್ರತ್ಯೇಕವಾದವು. 1889ರಲ್ಲಿ ಮಲಂಕರ ಸಭೆಯಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪರಾಗಿ ಅಭಿಷಿಕ್ತರಾದ ಗೋವೆಯ ಅಲ್ವಾರಿಸರನ್ನು ಅವು ತಮ್ಮ ಧರ್ಮಾಧ್ಯಕ್ಷರೆಂದು ಸ್ವೀಕರಿಸಿದವು. ರೋಮ್ ಅಲ್ವಾರಿಸರನ್ನು ಸಭೆಯಿಂದ ಬಹಿಷ್ಕರಿಸಿತು.

ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಬೋಧನೆಯನ್ನು ತಲೆಮಾರುಗಳಿಂದ ಕೇಳಿದ್ದವರಿಗೆ ಇದು ಸಾಮಾನ್ಯ ನಿರ್ಧಾರವಾಗಿರಲಿಲ್ಲ. ಹುಟ್ಟು, ಮದುವೆ, ಸಾವುಗಳ ಸಂಸ್ಕಾರಗಳೆಲ್ಲವೂ ಅದರಲ್ಲಿ ಪಣವಾಗಿದ್ದವು. ಬಾಸೆಲ್ ಮಿಶನ್ನಿನವರಂತೆ ಅವರು ತಮ್ಮ ನಿಶ್ಚಯವನ್ನು ಮನಸ್ಸಿನ ಅನುಭವದಲ್ಲಿ ಅರಸಲಿಲ್ಲ. ಅಂತಿಯೋಕ್ಯದ ಮೂಲಕ ಬಂದ ಅಪೊಸ್ತಲರ ಪರಂಪರೆಯು ತಮ್ಮ ಸಂಸ್ಕಾರಗಳನ್ನು ಸಿಂಧುಗೊಳಿಸುತ್ತದೆ ಎಂಬುದು ಅವರ ಆಧಾರವಾಗಿತ್ತು. ಅಲ್ವಾರಿಸರು 1923ರಲ್ಲಿ, ನೊರೊನ್ಹಾರು 1936ರಲ್ಲಿ ತೀರಿಕೊಂಡರು. ಬಹಿಷ್ಕಾರಕ್ಕೆ ಒಳಗಾಗಿಯೂ ಉಳಿದುಬಂದ ಈ ಸಮುದಾಯಕ್ಕಾಗಿ 2010ರಲ್ಲಿ ಬ್ರಹ್ಮಾವರವನ್ನು ಕೇಂದ್ರವಾಗಿಸಿ ಮಲಂಕರ ಆರ್ಥೊಡಾಕ್ಸ್ ಧರ್ಮಪ್ರಾಂತವು ರಚಿತವಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕರಾವಳಿಯಲ್ಲಿ ವಿಶ್ವಾಸದ ಪರೀಕ್ಷೆಗೆ ಹಲವು ಪರೀಕ್ಷಕರು ಇದ್ದುದು ಸ್ಪಷ್ಟವಾಗುತ್ತದೆ. ಪಾದ್ರಿ ನಡತೆಯನ್ನು ನೋಡಿದನು, ಜಾತಿ ಹಾಗೂ ಕುಟುಂಬಗಳು ಸಂಬಂಧದ ಕಡಿತದಿಂದ ಅಳೆದವು, ಕಾನೂನು ಹಕ್ಕುಗಳನ್ನು ವಿಚಾರಿಸಿತು, ಸಭೆ ವಿಧೇಯತೆಯನ್ನು ಕೇಳಿತು. ಇವರಾರೂ ಅಂತಿಮ ನಿಶ್ಚಯವನ್ನು ಕೊಡಬಲ್ಲವರಾಗಿರಲಿಲ್ಲ. ದಾಖಲೆಗಳಲ್ಲಿ ಉಳಿದಿರುವುದು ಪ್ರಶ್ನೆಗಳು ಹಾಗೂ ಅವುಗಳಿಗೆ ತೆತ್ತ ಬೆಲೆ. ಉತ್ತರವು ಆಯಾ ವಿಶ್ವಾಸಿಯ ಅಂತರಂಗಕ್ಕೆ ಸೇರಿದ್ದು. ಮಿಶನ್ನಿನ ದಾಖಲೆಯಲ್ಲಿರುವ ದೀಕ್ಷಾಸ್ನಾನಗಳ ಸಂಖ್ಯೆಯಿಂದಲೇ ವಿಶ್ವಾಸದ ಚರಿತ್ರೆಯನ್ನು ಬರೆಯಲಾಗದೆಂಬುದಕ್ಕೆ ಕೌಂಡಿನ್ಯರ ಮನೆ, ಜೆಪ್ಪುವಿನ ಕಾರ್ಖಾನೆ ಹಾಗೂ ಬ್ರಹ್ಮಾವರದ ಇಗರ್ಜಿಗಳು ಸಾಕ್ಷಿಯಾಗಿವೆ. ಶಂಕರನಾರಾಯಣಕ್ಕೆ ಹರಕೆ ಹೊತ್ತು ನಡೆದವರನ್ನೂ ಕುಂದಾಪುರದ ಇಗರ್ಜಿಯಲ್ಲಿ ಮೊಣಕಾಲೂರಿದವರನ್ನೂ ಬಸರೂರಿನ ಸಭೆಯಲ್ಲಿ ಕುಳಿತವರನ್ನೂ ಒಂದೇ ಸೀಮೆ ಪೊರೆದಿದೆ. ಅವರ ಹಾದಿಗಳು ಬೇರೆಯಾಗಿದ್ದರೂ ತಮ್ಮ ನಂಬಿಕೆ ತಮ್ಮನ್ನು ಕಾಯುವುದೇ ಎಂಬ ಆತಂಕದಲ್ಲಿ ಅವರು ನೆರೆಯವರಾಗಿದ್ದರು. ಈ ನೆರೆಹೊರೆಯ ಚರಿತ್ರೆಯನ್ನು ಸಮಗ್ರವಾಗಿ ಅಧ್ಯಯನ ಮಾಡುವ ಕಾರ್ಯವು ಇನ್ನೂ ನಡೆಯಬೇಕಾಗಿದೆ.