ಗುಡುಗುಡಿಯೂ ಗಿಟಾರೂ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಕಡೂರು, ಬೀರೂರು, ಅಜ್ಜಂಪುರ ದಾಟಿ ಹಾವೇರಿ ಮುಟ್ಟುತ್ತದೆ. ಬೀರೂರಿನಲ್ಲಿ ಕವಲೊಡೆದ ಇನ್ನೊಂದು ಹಳಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಹಾವೇರಿ ಸೀಮೆಯ ಶಿಶುನಾಳ ಷರೀಫ ಸಾಹೇಬರ (1819–1889) ಪದಗಳು ನನ್ನ ತಲೆಮಾರಿನ ಈ ಕಡೆಯವರಿಗೆ ಸಿಕ್ಕಿದ್ದು ಮಾತ್ರ ರೈಲಿನಿಂದಲ್ಲ, ಕ್ಯಾಸೆಟ್ಟಿನಿಂದ.

ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಸಂಗ್ರಹಿಸಿ ಕೊಟ್ಟ ಪದಗಳಿಗೆ ಸಿ. ಅಶ್ವತ್ಥ್ ರಾಗ ಹಾಕಿದರು. ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂತು. ಆಗ ನಾನು ಬೆಳಿಗ್ಗೆ ಉರ್ದು, ಆಮೇಲೆ ಕನ್ನಡ ಓದುತ್ತಿದ್ದ ಹುಡುಗ. ಮನೆಯ ಟೇಪ್‌ರೆಕಾರ್ಡರಿನ ಪಕ್ಕದಲ್ಲಿ ಖವ್ವಾಲಿಗಳ ಜೊತೆ ಷರೀಫರ ಕ್ಯಾಸೆಟ್ಟೂ ಇತ್ತು. ಹಾಡುವವರ ಹೆಸರು ಕೇಳಿ ನಮ್ಮ ನಾನಿಗೆ ಗೊಂದಲ. ಹಾಡಿನ ಸಾಹೇಬರಿಗೆ ಗೋವಿಂದ ಭಟ್ಟರು ಗುರು ಎಂದು ತಿಳಿದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ಆದರೂ ಟೇಪು ನಿಲ್ಲಿಸು ಎಂದು ಅವರು ಒಂದು ದಿನವೂ ಹೇಳಲಿಲ್ಲ.

ಇದೇ ಪದಗಳು ಎಲೆಕ್ಟ್ರಿಕ್ ಗಿಟಾರಿಗೆ ಏರಿದ್ದು ಮೈಸೂರಿನ ರಘು ದೀಕ್ಷಿತರಿಂದ. ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಪದವೀಧರರು. ಗಿಟಾರ್ ಹಿಡಿದದ್ದು ಕಾಲೇಜಿನ ಗೆಳೆಯನ ಜೊತೆಗಿನ ಪಂತಕ್ಕಂತೆ. ತೊಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ 'ಅಂತರಾಗ್ನಿ' ತಂಡ ಒಡೆಯಿತು. ಆಮೇಲಿನದು 'ರಘು ದೀಕ್ಷಿತ್ ಪ್ರಾಜೆಕ್ಟ್'. ಹೆಸರೇ ಹೇಳುವಂತೆ ಅದು ಕಾಯಂ ಬಳಗವಲ್ಲ, ವಾದ್ಯಗಾರರು ಬಂದು ಹೋಗುವ ಛತ್ರ. ರೆಕಾರ್ಡ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಮುಂಬೈಯ ವಿಶಾಲ್–ಶೇಖರ್ ಜೋಡಿ 2008ರಲ್ಲಿ ಮೊದಲ ಆಲ್ಬಂ ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಗುಡುಗುಡಿಯ ಪದವೂ ಅದರಲ್ಲಿತ್ತು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿ 'ಲೋಕದ ಕಾಳಜಿ' ಬಂತು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಕನ್ನಡಿಗನ ಮುಂದೆ ಇಂಗ್ಲೆಂಡಿನ ಜನ ಕುಣಿದರು.

ಮೈಸೂರಿನವರೇ ಆದ ವಾಸು ದೀಕ್ಷಿತ್ ಹಾಡುಗಾರರಾಗಿರುವ 'ಸ್ವರಾತ್ಮ' ಬೇರೆ ದಾರಿ ಹಿಡಿಯಿತು. 2009ರ ಮೊದಲ ಆಲ್ಬಮ್ಮಿನಲ್ಲಿ 'ಈ ಭೂಮಿ' ಎಂಬ ಸ್ವಂತ ಕನ್ನಡ ಹಾಡು ಕೊಟ್ಟಿತು. ಆ ಕಥೆ ಇನ್ನೊಮ್ಮೆ.

ಷರೀಫರನ್ನು ಕೆಡಿಸಿದರು ಎಂದು ಗೊಣಗುವ ಹಿರಿಯರು ನಮ್ಮಲ್ಲಿದ್ದಾರೆ. ಅವರು ಮೂಲ ಧಾಟಿ ಎಂದು ನಂಬಿರುವುದು ಅಶ್ವತ್ಥರು ಕೂಡಿಸಿದ ರಾಗ ಎಂಬುದನ್ನು ಮರೆಯುತ್ತಾರೆ. ಆದರೆ ಅವರ ಗೊಣಗಾಟದಲ್ಲಿ ಹುರುಳೇ ಇಲ್ಲವೆನ್ನಲಾರೆ. ಗುಡುಗುಡಿಯ ಪದದಲ್ಲಿ ದೇಹವೇ ಹುಕ್ಕಾದ ಬುರುಡೆ, ಮನಸ್ಸೇ ಸಂಚಿ, ಕೊಚ್ಚಿ ಸುಡಬೇಕಾದದ್ದು ಮೋಹ. ಡ್ರಮ್ಮಿನ ಬಡಿತಕ್ಕೆ ಕೈಯೆತ್ತಿ ಕುಣಿಯುವವರಲ್ಲಿ ಎಷ್ಟೋ ಜನರಿಗೆ ಅದು ಹೊಗೆ ಸೇದುವ ಮೋಜಿನ ಹಾಡು. ವೇಗ ಹೆಚ್ಚಿದಂತೆ ಅರ್ಥಕ್ಕೆ ಉಸಿರಾಡಲು ಜಾಗ ಸಾಲದು. ಮೊಹರಮ್ಮಿನ ರಿವಾಯತುಗಳನ್ನೂ ಕಟ್ಟಿದ ಕವಿ ಷರೀಫರು. ಆ ಕಡೆಗೆ ಬ್ಯಾಂಡುಗಳ ಕಿವಿ ಹೊರಳಿದ್ದನ್ನು ನಾನು ಕೇಳಿಲ್ಲ.

ಕಳೆದ ವರ್ಷ ತರೀಕೆರೆಗೆ ಹೋದಾಗ ಸಂಬಂಧಿಕರ ಹುಡುಗ ಮೊಬೈಲಿನಲ್ಲಿ ಈ ಹಾಡು ಹಾಕಿಕೊಂಡಿದ್ದ. ಯಾರದು ಎಂದೆ. "ರಘು ದೀಕ್ಷಿತ್‌ದು, ಮಾಮು" ಎಂದ. ಬರೆದವರು ಷರೀಫ್ ಸಾಹೇಬರು ಎಂದೆ. "ನಮ್ಮೋರಾ?" ಎಂದು ಕೇಳಿ ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದ. ಈ ಸಲ ಪದಗಳನ್ನು ಕೇಳಿಸಿಕೊಳ್ಳುತ್ತಿದ್ದ.