ಹಳೆಯ ಜರ್ಮನ್ ಕ್ಯಾಮೆರಾ: ಇತಿಹಾಸ ಪತ್ತೆ ಹೇಗೆ?

ನಂಜನಗೂಡು: ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಕಾವೇರಿ-ಕಪಿಲಾ ಸಂಗಮದ ತಿ. ನರಸೀಪುರದಲ್ಲಾಗಲಿ, ಹಳೆಯ ಮನೆಯ ಅಟ್ಟದಲ್ಲೋ ಮುಚ್ಚಿದ ಸ್ಟುಡಿಯೊದಲ್ಲೋ ಚರ್ಮದ ಚೀಲದೊಳಗೆ ಕ್ಯಾಮೆರಾ ದೊರೆತರೆ, ಗುಜರಿಗೆ ಹಾಕುವ ಮುನ್ನ ಅದರ ಮೇಲಿನ ಬರಹವನ್ನು ಓದುವುದು ಒಳಿತು. ತಯಾರಾದ ಊರು ಹಾಗೂ ಕಾಲವನ್ನು ಬಹುಪಾಲು ಆ ಬರಹವೇ ತಿಳಿಸುತ್ತದೆ.

ಊರಿನ ಹೆಸರೇ ಸುಳಿವು

ಕಾರ್ಲ್ ಜೈಸ್ 1846ರಲ್ಲಿ ಯೇನಾ ನಗರದಲ್ಲಿ ಕಾರ್ಯಾಗಾರ ತೆರೆದರು. ಅವರ ಸಂಸ್ಥೆಯಲ್ಲಿ ಪಾಲ್ ರುಡಾಲ್ಫ್ 1902ರಲ್ಲಿ ನಾಲ್ಕು ಗಾಜುಗಳ ‘ಟೆಸ್ಸಾರ್’ ಮಸೂರವನ್ನು ರೂಪಿಸಿದರು. ಎರಡನೇ ಮಹಾಯುದ್ಧದ ನಂತರ ಸಂಸ್ಥೆ ಇಬ್ಭಾಗವಾಯಿತು. ಯೇನಾ ಪೂರ್ವ ಜರ್ಮನಿಯಲ್ಲಿ ಉಳಿಯಿತು. ಪಶ್ಚಿಮದ ಓಬರ್‌ಕೋಖೆನ್‌ನಲ್ಲಿ ಮತ್ತೊಂದು ಕಾರ್ಖಾನೆ ತಲೆಯೆತ್ತಿತು. ಮಸೂರದ ಅಂಚಿನಲ್ಲಿ ‘ಜೈಸ್-ಆಪ್ಟಾನ್’ ಎಂದಿದ್ದರೆ ಅದು ಯುದ್ಧಾನಂತರದ ಪಶ್ಚಿಮ ಜರ್ಮನಿಯದು. ‘ಡಿಡಿಆರ್’ ಎಂದಿದ್ದರೆ 1949ರಿಂದ 1990ರವರೆಗಿದ್ದ ಪೂರ್ವ ಜರ್ಮನಿಯದು. ಬರೀ ‘ಯೇನಾ’ ಎಂದಿದ್ದರೆ ಕಾಲವನ್ನು ಕ್ರಮಸಂಖ್ಯೆಯಿಂದಲೇ ಅರಿಯಬೇಕು.

ವೆಟ್ಸ್‌ಲಾರ್ ಎಂಬ ಹೆಸರು ಲೈಕಾದ ಗುರುತು. ಆಸ್ಕರ್ ಬಾರ್ನಾಕ್ ರೂಪಿಸಿದ ಈ 35 ಮಿ.ಮೀ. ಕ್ಯಾಮೆರಾ 1925ರ ಲೈಪ್‌ಜಿಗ್ ಮೇಳದಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಎರಡು ಮಸೂರಗಳ ರೋಲಿಫ್ಲೆಕ್ಸ್ 1929ರಲ್ಲಿ ಬ್ರೌನ್‌ಷ್ವೈಗ್ ನಗರದಿಂದ ಮಾರುಕಟ್ಟೆಗೆ ಬಂದಿತು. ಕ್ಯಾಮೆರಾ ಮತ್ತು ಮಸೂರಗಳ ಸಂಖ್ಯೆಗಳು ಬೇರೆಬೇರೆ. ಮಸೂರವನ್ನು ಮಧ್ಯೆ ಬದಲಿಸಿರುವ ಸಂಭವವೂ ಇರುವುದರಿಂದ ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಹೆಸರು ಜರ್ಮನಿಯದು, ತಯಾರಿ ಬೇರೆಡೆ

‘ಆಗ್ಫಾ ಕ್ಲಿಕ್ 3’ ಹೆಸರಿನಲ್ಲಿ ಜರ್ಮನಿಯದಾದರೂ ಭಾರತದಲ್ಲಿಯೂ ತಯಾರಾಯಿತು. ವಡೋದರದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಇದನ್ನು ತಯಾರಿಸುತ್ತಿತ್ತು.

ಲೈಕಾ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಸೋವಿಯತ್ ಒಕ್ಕೂಟದಲ್ಲಿ 1934ರಿಂದ ‘ಫೆಡ್’, 1948ರಿಂದ ‘ಜೋರ್ಕಿ’ ಕ್ಯಾಮೆರಾಗಳು ಲೈಕಾ ಮಾದರಿಯಲ್ಲೇ ತಯಾರಾದವು. ಅವುಗಳ ಮೇಲೆ ಲೈಕಾ ಹೆಸರು ಕೆತ್ತಿ ಮಾರುವುದುಂಟು. ಮಸೂರವನ್ನು ಬಿಚ್ಚಿ ಒಳಗೆ ನೋಡಿದರೆ ದೂರಮಾಪಕದ ಸನ್ನೆಯ ತುದಿ ಕಾಣುತ್ತದೆ. ಅಸಲಿ ಲೈಕಾದಲ್ಲಿ ಅಲ್ಲಿ ಪುಟ್ಟ ಚಕ್ರವಿರುತ್ತದೆ. ಸೋವಿಯತ್ ಮಾದರಿಗಳಲ್ಲಿ ಬೆಣೆಯಾಕಾರದ ಲೋಹದ ತುಂಡಿರುತ್ತದೆ.

ಬೂಷ್ಟಿನ ಕಾಟ

ತೇವವಿರುವೆಡೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಹೆಚ್ಚು ಕಾಲ ಬಿಟ್ಟರೆ ಅದು ಗಾಜನ್ನೇ ತಿನ್ನುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಕ್ಯಾಮೆರಾವನ್ನು ಹೊರತೆಗೆದು, ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು.

ಉಳಿದರ್ಧ ಕಥೆ ಮನೆಯಲ್ಲೇ

ಕ್ರಮಸಂಖ್ಯೆ ಕಾರ್ಖಾನೆಯವರೆಗೆ ಮಾತ್ರ ದಾರಿ ತೋರುತ್ತದೆ. ಕ್ಯಾಮೆರಾ ಈ ಊರಿಗೆ ಬಂದದ್ದು ಹೇಗೆ, ಯಾರ ಕೈಯಲ್ಲಿತ್ತು ಎಂಬುದನ್ನು ನೆಗೆಟಿವ್‌ಗಳು, ಚಿತ್ರಗಳ ಬೆನ್ನ ಮೇಲಿನ ಬರಹ ಹಾಗೂ ಖರೀದಿ ರಸೀದಿಗಳು ಹೇಳಬಲ್ಲವು. ತೆಗೆದ ಚಿತ್ರವೂ ಸಾಕ್ಷಿಯೇ. ತಿ. ನರಸೀಪುರದಲ್ಲಿ ಕುಂಭಮೇಳ ಆರಂಭವಾದದ್ದು 1989ರಲ್ಲಿ. ಅದರ ನೆಗೆಟಿವ್ ಇದ್ದರೆ ಕ್ಯಾಮೆರಾ ಅಲ್ಲಿಯವರೆಗೂ ಬಳಕೆಯಲ್ಲಿದ್ದಿರಬಹುದು ಎನ್ನಲು ಆಧಾರವಾಗುತ್ತದೆ. ನಂಜನಗೂಡಿನ ಪಂಚ ಮಹಾರಥೋತ್ಸವದ ಹಳೆಯ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಇಸವಿ ನೆನಪಿರುವ ಹಿರಿಯರನ್ನು ಕೇಳಿ ಈಗಲೇ ಬರೆದಿಡಬೇಕು. ಕ್ಯಾಮೆರಾ ಮಾರಿದರೂ ನೆಗೆಟಿವ್‌ಗಳನ್ನು ಮಾರಬಾರದು. ಅಂಥದೇ ಕ್ಯಾಮೆರಾ ಮತ್ತೊಂದು ಸಿಕ್ಕೀತು, ಊರಿನ ಆ ಚಿತ್ರಗಳು ಮತ್ತೆ ಸಿಗಲಾರವು.